ಜೇನು ಕಡಿದ ಮಗುವನ್ನು ಮೊದಲು ಎಲ್ಲಿಗೆ ಒಯ್ಯಬೇಕು?

ನಮ್ಮ ಕಡೆ ಮಕ್ಕಳಿಗೆ ಏನೇ ಆದರೂ ಬಾಯಿಗೆ ಬರುವ ಮೊದಲ ಮಾತು "ದಾವಣಗೆರೆಗೆ ಕರ್ಕೊಂಡು ಹೋಗ್ರಿ". ಜಗಳೂರಾಗಲಿ, ಚನ್ನಗಿರಿಯಾಗಲಿ, ಹೊಳಲ್ಕೆರೆಯಾಗಲಿ, ಎಲ್ಲ ಕಡೆ ಇದೇ ಮಾತು. ಅಲ್ಲಿ ಒಳ್ಳೆಯ ಮಕ್ಕಳ ಡಾಕ್ಟರು ಇದ್ದಾರೆ, ನಂಬಿಕೆ ಸುಳ್ಳಲ್ಲ. ಆದರೆ ಜೇನೋ ಕಡಜವೋ ಕಡಿದು ಮಗುವಿಗೆ ಮೈಯೆಲ್ಲ ಅಲರ್ಜಿ ಎದ್ದಾಗ ಈ ಅಭ್ಯಾಸ ಬಿಡಲೇಬೇಕು. ಆಗ ಹತ್ತಿರದ ಆಸ್ಪತ್ರೆಯೇ ದೊಡ್ಡ ಆಸ್ಪತ್ರೆ.

ಕಾರಣ ಒಂದೇ ಔಷಧ, ಅಡ್ರಿನಲಿನ್. ತೀವ್ರ ಅಲರ್ಜಿಗೆ ಮೊದಲು ಕೊಡಬೇಕಾದ ಇಂಜೆಕ್ಷನ್ ಇದು. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುತ್ತಾರೆ. ಬೆಲೆ ಕಡಿಮೆ, ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಲೇಬೇಕಾದ ಔಷಧ. ಅದು ಐದು ಕಿಲೋಮೀಟರ್‌ ದೂರದಲ್ಲಿರುವಾಗ ಐವತ್ತು ಕಿಲೋಮೀಟರ್ ಯಾಕೆ ಓಡಬೇಕು?

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಲ್ಲಿ ನಮ್ಮಕ್ಕನ ಮಗಳಿಗೆ ತೋಟದಲ್ಲಿ ಕಡಜ ಕಡಿಯಿತು. ನಾಲ್ಕು ವರ್ಷದ ಕೂಸು. ಕಡಿದಿದ್ದು ಮುಂಗೈಗೆ. ಅಜ್ಜಿ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿ, "ಸುಮ್ನಿರವ್ವ, ಇಳೀತದೆ" ಅಂದರು. ಕೂಸು ಕೈ ಬಿಟ್ಟು ಕಿವಿ ಕೆರೆದುಕೊಳ್ಳತೊಡಗಿತು. ಫ್ರಾಕ್ ಎತ್ತಿದರೆ ಹೊಟ್ಟೆ, ಬೆನ್ನು ತುಂಬ ದದ್ದು. ತುಟಿ ಊದಿತು, ಅಳುವ ದನಿ ಗೊಗ್ಗರಾಯಿತು, ಆಮೇಲೆ ವಾಂತಿ. ಭಾವ ಕಾರನ್ನು ದಾವಣಗೆರೆ ಕಡೆ ತಿರುಗಿಸುವುದರಲ್ಲಿದ್ದರು. "ಮೊದಲು ಇಲ್ಲೇ ಸರ್ಕಾರಿ ಆಸ್ಪತ್ರೆಗೆ ನಡೀರಿ" ಅಂತ ಅಕ್ಕ ಹಟ ಹಿಡಿದಳು. ಅಲ್ಲಿ ಡಾಕ್ಟರು ತೂಕ ಕೇಳಿ ತೊಡೆಗೆ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಉಸಿರು ಹಗುರಾಯಿತು. ದಾವಣಗೆರೆಗೆ ಹೋಗಿದ್ದು ಆಮೇಲೆ, 108ರಲ್ಲಿ.

ಎಲ್ಲ ಊತಕ್ಕೂ ಹೀಗೆ ಓಡಬೇಕಿಲ್ಲ. ಕಡಿದ ಜಾಗದಲ್ಲೇ ಊದಿ, ಎರಡು ದಿನ ಜಾಸ್ತಿಯಾಗಿ, ವಾರದಲ್ಲಿ ಇಳಿಯುವ ಊತ ನೋಡಲು ಭಯ ಹುಟ್ಟಿಸುತ್ತೆ, ಆದರೆ ಸಾಮಾನ್ಯವಾಗಿ ಅಪಾಯವಿಲ್ಲ. ಕಡಿದಿದ್ದು ಕೈಗೆ, ಊದಿದ್ದು ಮುಖ ಅಂದರೆ ಕಥೆಯೇ ಬೇರೆ. ನಾಲಿಗೆ ಊತ, ಕೆಮ್ಮು, ಗೊರಗೊರ ಉಸಿರು, ಮತ್ತೆಮತ್ತೆ ವಾಂತಿ, ಮಗು ಮಂಕಾಗಿ ಜೋತುಬೀಳುವುದು, ಇವು ಕಂಡರೆ ಕಾಯಬೇಡಿ. ಚರ್ಮದ ಮೇಲೆ ದದ್ದು ಏಳದಿದ್ದರೂ ತೀವ್ರ ಅಲರ್ಜಿ ಆಗಬಹುದು.

ಸುಣ್ಣ, ಅರಿಶಿನ, ಈರುಳ್ಳಿ ಯಾವುದೂ ಇದನ್ನು ತಡೆಯಲ್ಲ. ಸಿಟ್ರಿಜಿನ್, ಏವಿಲ್ ಕೂಡ ತುರಿಕೆ, ದದ್ದಿಗೆ ಮಾತ್ರ. "ಮಾತ್ರೆ ಕೊಟ್ಟಿದೀವಿ, ನೋಡೋಣ" ಅಂತ ಕೂರುವುದೇ ನನಗೆ ಸಂಕಟ ತರುವ ವಿಷಯ. ಉಸಿರುದಾರಿ ಮುಚ್ಚಿಕೊಳ್ಳಲು ಕೆಲವೇ ನಿಮಿಷ ಸಾಕು. ಜೇನಾದರೆ ಮುಳ್ಳು ಚರ್ಮದಲ್ಲೇ ಉಳಿದು ವಿಷ ಬಿಡುತ್ತಿರುತ್ತೆ. ಉಗುರೋ ಬೆರಳೋ, ಯಾವುದರಿಂದಾದರೂ ಸರಿ, ತಕ್ಷಣ ಕಿತ್ತುಬಿಡಿ.

ಇನ್ನೊಂದು ಮಾತು. ಮಂಕಾದ ಮಗುವನ್ನು ಬೈಕಿನಲ್ಲಿ ಹೆಗಲಿಗೆ ಒರಗಿಸಿಕೊಂಡು ನೆಟ್ಟಗೆ ಹಿಡಿದು ಒಯ್ಯುತ್ತಾರೆ. ರಕ್ತದೊತ್ತಡ ಬಿದ್ದಿರುವಾಗ ಅದು ಅಪಾಯ. ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ. ಉಸಿರಾಡಲು ಕಷ್ಟವಿದ್ದರೆ ಮಾತ್ರ ಕೂರಿಸಿ, ವಾಂತಿಯಿದ್ದರೆ ಮಗ್ಗುಲಾಗಿಸಿ. ಇಂಜೆಕ್ಷನ್ ಆದ ಮೇಲೆ ಚೇತರಿಸಿತು ಅಂತ ತಕ್ಷಣ ಮನೆಗೆ ಕರೆತರಬೇಡಿ. ಕೆಲವು ಗಂಟೆ ಬಿಟ್ಟು ಅಲರ್ಜಿ ಮತ್ತೆ ಏಳುವುದುಂಟು, ಡಾಕ್ಟರು ಹೇಳುವಷ್ಟು ಹೊತ್ತು ಅಲ್ಲೇ ಇರಿ. ದೊಡ್ಡ ಆಸ್ಪತ್ರೆ ಬೇಕಾಗುವುದು ಆಗ.

ಚಿತ್ರದುರ್ಗದ ಬಂಡೆ, ಮರಗಳಲ್ಲಿ ಹೆಜ್ಜೇನು ಕಟ್ಟುವ ಕಡೆ ಮಕ್ಕಳನ್ನು ಕರೆದೊಯ್ಯುವವರೂ ಇದನ್ನು ತಿಳಿದಿರಲಿ. ಹತ್ತಾರು ಕಡೆ ಕಡಿದರೆ ಅಲರ್ಜಿ ಇಲ್ಲದ ಮಗುವಿಗೂ ಆಸ್ಪತ್ರೆ ಬೇಕು.

ನಿಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಅಡ್ರಿನಲಿನ್ ಇದೆಯಾ, ರಾತ್ರಿ ಹೊತ್ತು ಕೊಡುವವರು ಯಾರು, ಇವತ್ತೇ ಆಶಾ ಅಕ್ಕನನ್ನು ಕೇಳಿ. ರಾತ್ರಿ ಯಾರೂ ಇರಲ್ಲ ಅಂದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಗೊತ್ತಿದ್ದವರು ಊರಿನ ಹೆಸರಿನ ಜೊತೆ ಕೆಳಗೆ ಬರೆಯಿರಿ, ಸುತ್ತಲಿನವರಿಗೆ ಉಪಯೋಗವಾಗುತ್ತೆ.