ಟ್ರೆವರ್ ನೋವಾ ಜೈಲಲ್ಲಿ ಹುಟ್ಟಿದವರಲ್ಲ, ಅಮೆರಿಕದಲ್ಲಿ ಇಂಗ್ಲಿಷ್ ಕಲಿತವರೂ ಅಲ್ಲ

ನಮ್ಮ ಕಾಸರಗೋಡಿನ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: 'ಹಾಸ್ಯಗಾರ ಟ್ರೆವರ್ ನೋವಾ ಜೈಲಿನಲ್ಲಿ ಹುಟ್ಟಿ, ನಿರಾಶ್ರಿತನಾಗಿ ಅಮೆರಿಕ ಸೇರಿ, ಅಲ್ಲೇ ಇಂಗ್ಲಿಷ್ ಕಲಿತು ಗೆದ್ದವನು.' ಮಕ್ಕಳಿಗೆ ಸ್ಫೂರ್ತಿಯಾಗಲಿ ಎಂದು ಹಂಚುವವರ ಉದ್ದೇಶ ಒಳ್ಳೆಯದೇ. ಆದರೆ ಮಾತು ಸರಿಯಲ್ಲ.

ಟ್ರೆವರ್ 1984ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನ ಆಸ್ಪತ್ರೆಯಲ್ಲಿ ಹುಟ್ಟಿದವರು. ತಾಯಿ ಖೋಸಾ ಜನಾಂಗದವರು, ತಂದೆ ಸ್ವಿಸ್ ಬಿಳಿಯ. ಕರಿಯರು ಬಿಳಿಯರು ಕೂಡುವುದನ್ನೇ ಅಪರಾಧವೆಂದ ಕಾನೂನು ಆಗ ಜಾರಿಯಲ್ಲಿತ್ತು. ಅವರ ಆತ್ಮಕಥೆಯ ಹೆಸರು 'ಬಾರ್ನ್ ಎ ಕ್ರೈಮ್' ಎಂದಿರುವುದು ಅದಕ್ಕೇ. ಜೈಲಿನ ಕಥೆ ಬಹುಶಃ ಈ ಹೆಸರಿನಿಂದಲೇ ಹುಟ್ಟಿಕೊಂಡಿರಬೇಕು.

ಇಂಗ್ಲಿಷ್ ಅವರಿಗೆ ತಾಯಿ ಮನೆಯಲ್ಲೇ ಕೊಟ್ಟ ಭಾಷೆ. ಜೊತೆಗೆ ಖೋಸಾ, ಜುಲು, ಆಫ್ರಿಕಾನ್ಸ್ ಮುಂತಾದವೂ ಬರುತ್ತವೆ. ಒಮ್ಮೆ ಬೀದಿಯಲ್ಲಿ ದೋಚಲು ಹೊಂಚುತ್ತಿದ್ದ ಯುವಕರಿಗೆ ಅವರದೇ ಜುಲುವಿನಲ್ಲಿ ಉತ್ತರ ಕೊಟ್ಟು ಪಾರಾದ ಪ್ರಸಂಗವನ್ನು ಅವರೇ ಬರೆದಿದ್ದಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಸಪ್ತಭಾಷೆಗಳ ನೆಲದವರಾದ ನಮಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಯಕ್ಷಗಾನದ ಹಾಸ್ಯಗಾರ ನಾಲಿಗೆ ಹೊರಳಿಸಿದ ಕೂಡಲೇ ಸಭೆ ನಗುತ್ತದಲ್ಲವೇ, ಟ್ರೆವರ್ ಹಾಸ್ಯದ ಬಲವೂ ಅಲ್ಲೇ ಇದೆ. ಅದನ್ನೇ ಅಳಿಸಿ 'ಭಾಷೆ ಬಾರದವನು' ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಿರಾಶ್ರಿತರೂ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹೆಸರು ಮಾಡಿದ ಮೇಲೆಯೇ ಅಮೆರಿಕಕ್ಕೆ ಹೋದರು. 2015ರ ಸೆಪ್ಟೆಂಬರ್‌ನಿಂದ 2022ರ ಡಿಸೆಂಬರ್‌ವರೆಗೆ ಅಲ್ಲಿನ ಟಿವಿ ಹಾಸ್ಯ ಕಾರ್ಯಕ್ರಮ 'ದಿ ಡೈಲಿ ಶೋ' ನಡೆಸಿಕೊಟ್ಟರು.

ಹಂಚಿದವರು ಅದೇ ಗುಂಪಿನಲ್ಲಿ ಈ ತಿದ್ದುಪಡಿಯನ್ನೂ ಹಾಕಬೇಕೆಂದು ವಿನಂತಿ.