ಒಂದು ಲತ್ತೆ ಕೊಡಿ, ಸಕ್ಕರೆ ಬೇಡ

ಕಾಫಿ ಕುಡಿಯುವುದಕ್ಕೆ ಜೇಬಿನಲ್ಲಿ ಚಿಲ್ಲರೆ ಕಾಸು ಮತ್ತು ನಿಲ್ಲುವುದಕ್ಕೆ ಗೇಣು ಜಾಗ ಇದ್ದರೆ ಸಾಕಾಗಿದ್ದ ಬೆಂಗಳೂರಿನಲ್ಲಿ ಈಗ ಅದಕ್ಕಾಗಿ ಮೌಖಿಕ ಪರೀಕ್ಷೆಯೊಂದನ್ನು ಪಾಸು ಮಾಡಬೇಕಾಗಿದೆ. ನಮ್ಮ ಬಡಾವಣೆಯ ಕೆಫೆಯೊಂದರಲ್ಲಿ ನಾನು ಕೌಂಟರಿನ ಮುಂದೆ ನಿಂತು ‘ಒಂದು ಲಾಟೆ’ ಎಂದಾಗ, ಎದುರಿಗಿದ್ದ ಯುವಕ ಅತ್ಯಂತ ವಿನಯದಿಂದ, ಬೀಜ ಒಂದೇ ತೋಟದ್ದು ಬೇಕೋ ಮಿಶ್ರಣ ನಡೆಯುತ್ತದೋ, ಶಾಟ್ ಒಂದೋ ಎರಡೋ, ಹಾಲು ಹಸುವಿನದೋ ಓಟ್ಸಿನದೋ ಬಾದಾಮಿಯದೋ ಎಂದು ಒಂದರ ಹಿಂದೊಂದು ವಿಚಾರಿಸಿದ. ಹಾಲು ಹಸುವಿನದೇ ಆಗಿರಲಿ ಎಂದು ನಾನು ತುಸು ಗಟ್ಟಿಯಾಗಿ ಹೇಳಿದ್ದಕ್ಕೆ ಹಿಂದೆ ಸಾಲಿನಲ್ಲಿದ್ದವರು, ನಾನು ಆ ಹಸುವನ್ನು ಅಲ್ಲಿಯೇ ಕಟ್ಟಿಹಾಕಿ ಕರೆಯಲು ಹೊರಟವನೋ ಎಂಬಂತೆ ನೋಡಿದರು. 320 ರೂಪಾಯಿ ಕೊಟ್ಟು ಪಡೆದ ಆ ಬಟ್ಟಲಿನ ಜೊತೆಗೆ ಒಂದು ಪುಟ್ಟ ಕಾರ್ಡೂ ಬಂತು. ಬೀಜ ಚಿಕ್ಕಮಗಳೂರಿನದು, ಎತ್ತರ 1,200 ಮೀಟರ್, ತಳಿ ಎಸ್. 795, ನಾಲಗೆಗೆ ಮೊದಲು ಕಿತ್ತಳೆ ಸಿಪ್ಪೆ, ನಡುವೆ ಮಲ್ಲಿಗೆ, ಕೊನೆಯಲ್ಲಿ ಜೋನಿಬೆಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ನಾನು ಕಣ್ಣು ಮುಚ್ಚಿ ಶ್ರದ್ಧೆಯಿಂದ ಕುಡಿದೆ. ಮೊದಲು ಹಾಲು ಬಂತು, ನಡುವೆ ಹಾಲು ಬಂತು, ಕೊನೆಯಲ್ಲಿ ಬಂದದ್ದೂ ಹಾಲೇ.

ಇದರಲ್ಲಿ ಕೆಫೆಯವರ ತಪ್ಪೇನೂ ಇಲ್ಲ, ಏಕೆಂದರೆ ನಾನು ಕೇಳಿದ್ದೇ ಹಾಲು. ಇಟಲಿಯ ಭಾಷೆಯಲ್ಲಿ ‘ಲಾಟೆ’ ಎಂದರೆ ಹಾಲು. ಕಾಫಿ ಬೆರೆತದ್ದು ಬೇಕಾದವರು ಅಲ್ಲಿ ‘ಕಫೆ ಲಾಟೆ’ ಎನ್ನಬೇಕು. ಹಿಂದಿನ ಪದವನ್ನು ಉದುರಿಸಿ ಬರಿಯ ಲಾಟೆಯನ್ನು ಕೇಳುವ ಪ್ರವಾಸಿಗನ ಮುಂದೆ ರೋಮಿನ ಹೋಟೆಲಿನವನು ಒಂದು ಲೋಟ ಬಿಳಿ ಹಾಲನ್ನು ಇಟ್ಟು ತನ್ನ ಕೆಲಸಕ್ಕೆ ಹೋಗುತ್ತಾನೆ. ಉಚ್ಚಾರಣೆಯದು ಇನ್ನೊಂದು ಕಥೆ. ಇಟಲಿಯವರು ಆ ಪದದಲ್ಲಿ ಟಕಾರವನ್ನು ಉಚ್ಚರಿಸುವುದಿಲ್ಲ, ನಮ್ಮ ತಕಾರವನ್ನೇ ಒತ್ತಿ ಹೇಳುತ್ತಾರೆ. ಆದ್ದರಿಂದ ಮೂಲಕ್ಕೆ ನಿಷ್ಠರಾಗಿ ನುಡಿಯಬಯಸುವ ಕನ್ನಡಿಗರು ‘ಒಂದು ಲತ್ತೆ ಕೊಡಿ’ ಎಂದು ಕೇಳಬೇಕಾಗುತ್ತದೆ. ಕತ್ತೆಗೆ ಲತ್ತೆ ಪೆಟ್ಟು ಎಂಬ ಮಾತನ್ನು ಕೇಳುತ್ತ ಬೆಳೆದ ನಾವು ದುಡ್ಡು ಕೊಟ್ಟು ಒದೆಸಿಕೊಳ್ಳಲು ಹಿಂಜರಿದು ಲಾಟೆಯಲ್ಲಿಯೇ ಉಳಿದುಕೊಂಡಿದ್ದೇವೆ. ಬಿಲ್ಲು ಕೈಗೆ ಬಂದಾಗ ಮಾತ್ರ ಮೂಲ ಉಚ್ಚಾರಣೆಯೇ ಹೆಚ್ಚು ಅರ್ಥವತ್ತಾಗಿತ್ತು ಎನಿಸುತ್ತದೆ.

ಹೆಸರಿನ ಗುಟ್ಟು ತಿಳಿದ ಮೇಲೆ ಕೆಫೆಯ ಪಟ್ಟಿಯನ್ನು ಓದುವ ಸುಖವೇ ಬೇರೆ. ‘ಓಟ್ ಮಿಲ್ಕ್ ಲಾಟೆ’ ಎಂದರೆ ಓಟ್ಸಿನ ಹಾಲಿನ ಹಾಲು. ಗೇಟುಬಾಗಿಲು, ನಡುಮಧ್ಯಗಳ ಸಾಲಿಗೆ ಇದನ್ನೂ ಸೇರಿಸಿಕೊಳ್ಳಬಹುದು. ಇಡೀ ಪಟ್ಟಿಯಲ್ಲಿ ಅಕ್ಷರಶಃ ಸತ್ಯ ನುಡಿಯುವುದು ‘ಟರ್ಮರಿಕ್ ಲಾಟೆ’ ಒಂದೇ. ಅದರಲ್ಲಿ ಕಾಫಿಯ ಸೋಂಕೂ ಇಲ್ಲ, ಹೆಸರಿನಲ್ಲಿ ಕಾಫಿಯ ಸುಳಿವೂ ಇಲ್ಲ. ಅದು ಅರಿಶಿನದ ಹಾಲು, ಅಷ್ಟೇ. ನೆಗಡಿಯಾದಾಗ ಅಜ್ಜಿ ಮೂಗು ಹಿಡಿದು ಕುಡಿಸಲು ಬಂದರೆ ಮಂಚದ ಕೆಳಗೆ ಅಡಗುತ್ತಿದ್ದವರೇ ಇಂದು ಅದನ್ನು ಮುನ್ನೂರು ರೂಪಾಯಿಗೆ ಕೊಂಡು, ಫೋಟೊ ತೆಗೆದು, ಆಮೇಲೆ ಕುಡಿಯುತ್ತಾರೆ.

ಇನ್ನು ಬಟ್ಟಲಿನೊಳಗಿನ ಲೆಕ್ಕ. ಯಂತ್ರದಲ್ಲಿ ಒತ್ತಡದಿಂದ ಇಳಿಸಿದ ಗಟ್ಟಿ ಕಾಫಿಗೆ ಎಸ್ಪ್ರೆಸೊ ಎಂದು ಹೆಸರು, ಅದರ ಒಂದು ಶಾಟ್ ಎಂದರೆ ಸುಮಾರು 30 ಮಿಲಿ. 240 ಮಿಲಿಯ ಬಟ್ಟಲು ತುಂಬಬೇಕಾದರೆ ಉಳಿದ 210 ಮಿಲಿಯೂ ಹಾಲು ಮತ್ತು ಅದರ ನೊರೆ. ಆ 30 ಮಿಲಿಯಲ್ಲಿಯೂ ಸುಮಾರು ಹತ್ತನೆಯ ಒಂಬತ್ತು ಭಾಗ ನೀರೇ ಆಗಿರುವುದರಿಂದ, ಕಾಫಿ ಎಂದು ನಿಜವಾಗಿ ಕರೆಯಬಹುದಾದದ್ದು ಇಡೀ ಬಟ್ಟಲಿನಲ್ಲಿ ಮೂರು ಗ್ರಾಂನ ಆಸುಪಾಸು. ಈ ಮೂರು ಗ್ರಾಂ ಇಳಿಸಲು ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಉಗಿಯ ಯಂತ್ರವೊಂದಕ್ಕೆ ಪೇಟೆಂಟ್ ಪಡೆದ. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಅದನ್ನು ಸುಧಾರಿಸಿದ. ಕೆಲಸಕ್ಕೆ ಹೊರಟ ಜನ ಕಾಯದೆ ಒಂದು ಗುಟುಕು ಕುಡಿದು ಹೋಗಲಿ ಎಂಬುದು ಅವರ ಆಸೆಯಾಗಿತ್ತು. ಇಂದಿನ ಯಂತ್ರವೂ ವಾತಾವರಣದ ಒಂಬತ್ತು ಪಟ್ಟು ಒತ್ತಡದಲ್ಲಿ 25ರಿಂದ 30 ಸೆಕೆಂಡಿನೊಳಗೆ ತನ್ನ ಪಾಲಿನ ಕೆಲಸವನ್ನು ಮುಗಿಸಿ ಸುಮ್ಮನಾಗುತ್ತದೆ. ಮಿಕ್ಕ ಹದಿನೈದು ನಿಮಿಷ ನಾವು ಕಾಯುವುದು ಹಾಲಿನ ನೊರೆಯಲ್ಲಿ ಎಲೆಯ ಚಿತ್ರ ಮೂಡಲೆಂದು.

ಎಲೆಯ ವಿಷಯವನ್ನು ಬೇಗ ಮುಗಿಸುತ್ತೇನೆ. 1980ರ ದಶಕದ ಕೊನೆಯ ವೇಳೆಗೆ ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಡ್ ಶೋಮರ್ ಈ ಚಿತ್ರಕಲೆಯನ್ನು ಜನಪ್ರಿಯಗೊಳಿಸಿದರು. ಅದಕ್ಕೆ ಬೇಕಾದ ಕೈಚಳಕವನ್ನು ನಾನು ಮೆಚ್ಚುತ್ತೇನೆ. ಆದರೆ ಬಿಸಿ ಕಾಫಿಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಮಾರುದ್ದ ಎತ್ತಿ ಸುರಿದು, ಒಂದು ಹನಿಯನ್ನೂ ನೆಲಕ್ಕೆ ಚೆಲ್ಲದೆ ನೊರೆ ಎಬ್ಬಿಸುತ್ತಿದ್ದ ನಮ್ಮ ಹೋಟೆಲಿನ ಭಟ್ಟರನ್ನು ಯಾರೂ ಕಲಾವಿದರೆಂದು ಕರೆಯಲಿಲ್ಲ. ‘ಬೇಗ ಕೊಡಿ ಭಟ್ರೇ’ ಎಂದಷ್ಟೇ ಕರೆದರು.

ರುಚಿಯ ಮಾತಿಗೆ ಬಂದರೆ, ಹಾಲು ಕಾಫಿಯನ್ನು ಹೇಗೆ ಮಣಿಸುತ್ತದೆ ಎಂಬುದು ನಿಜಕ್ಕೂ ಸ್ವಾರಸ್ಯಕರವಾಗಿದೆ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಕಾಫಿಯಲ್ಲಿ ಒಗರನ್ನು ಹುಟ್ಟಿಸುವ ಅಂಶಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊಬ್ಬು ಪರಿಮಳವನ್ನು ತನ್ನೊಳಗೆ ಸೆಳೆದುಕೊಂಡು ಮೂಗಿಗೆ ಜಿಪುಣತನದಿಂದ ಬಿಡುತ್ತದೆ. ಹುಳಿಯಂತೂ ಅಷ್ಟು ಹಾಲಿನ ನಡುವೆ ಬಾಯಿ ತೆರೆಯುವ ಮೊದಲೇ ಅಡಗುತ್ತದೆ. ಕಾರ್ಡಿನಲ್ಲಿ ಮೊದಲ ಸ್ಥಾನದಲ್ಲಿದ್ದ ಕಿತ್ತಳೆ ಸಿಪ್ಪೆ ಬಟ್ಟಲಿನಲ್ಲಿ ಮೊದಲು ಅಸುನೀಗುವುದು ಹೀಗೆ. ಉಳಿಯುವುದು ಹುರಿದ ಬೀಜದ ಕಮರು, ತುಸು ಕಹಿ, ಮತ್ತು ಹಾಲಿನ ಸಹಜವಾದ ಸಿಹಿ. ಉಗಿಯಿಂದ ಕಾಯಿಸುವಾಗ ಹಾಲಿನ ಸಕ್ಕರೆ ಒಡೆದು ಹೆಚ್ಚು ಸಿಹಿಯಾಗುತ್ತದೆ ಎಂದು ಆ ಯುವಕ ನನಗೆ ಬೋಧಿಸಿದ. ಲ್ಯಾಕ್ಟೋಸ್ ಅಷ್ಟು ಸಣ್ಣ ಬಿಸಿಗೆ ಒಡೆಯುವಂಥ ದುರ್ಬಲ ಮನಸ್ಸಿನದಲ್ಲ, ಬೆಚ್ಚಗಿದ್ದಾಗ ಸಿಹಿ ನಮ್ಮ ನಾಲಗೆಗೆ ಹೆಚ್ಚು ತಿಳಿಯುತ್ತದೆ, ಅಷ್ಟೇ. ಅದಕ್ಕಾಗಿಯೇ ಹಾಲನ್ನು 60ರಿಂದ 65 ಡಿಗ್ರಿಯ ಒಳಗೆ ನಿಲ್ಲಿಸುತ್ತಾರೆ. ಅದನ್ನು ಮೀರಿದರೆ ಹಾಲಿಗೆ ಕಾಯಿಸಿದ ವಾಸನೆ ಬರುತ್ತದೆ ಎಂದು ಅವರಿಗೆ ಭಯ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲದ ಹೊರತು ಅದು ಕಾದಿದೆ ಎಂದು ಒಪ್ಪದ ನಮಗೆ ಆ ವಾಸನೆಯೇ ಕಾಫಿ.

ಹಾಗಾದರೆ ಮಲ್ಲಿಗೆ ಮತ್ತು ಜೋನಿಬೆಲ್ಲ ಕಾರ್ಡಿಗೆ ಎಲ್ಲಿಂದ ಬಂದವು? ಅವು ಸುಳ್ಳಲ್ಲ. ಕಾಫಿಯ ರುಚಿಪರೀಕ್ಷಕರು ಪುಡಿಯ ಮೇಲೆ ಬಿಸಿನೀರು ಸುರಿದು, ಚಮಚೆಯಿಂದ ಸೊರ್ ಎಂದು ಹೀರಿ, ನಾಲಗೆಯ ಮೇಲೆ ಹೊರಳಾಡಿಸಿ ಗುರುತಿಸಿದ ರುಚಿಗಳವು. ಆ ಮೇಜಿನ ಹತ್ತಿರ ಹಾಲಿಗೆ ಪ್ರವೇಶವೇ ಇಲ್ಲ. ಹೀಗೆ ಹಾಲಿಲ್ಲದೆ ಬರೆದ ವರದಿಯನ್ನು ಎಂಟರಲ್ಲಿ ಏಳು ಪಾಲು ಹಾಲಿರುವ ಬಟ್ಟಲಿಗೆ ಅಂಟಿಸಿ ಕೊಡುವುದು, ವರನ ಅಣ್ಣನ ಜಾತಕವನ್ನು ತೋರಿಸಿ ವರನಿಗೆ ಮದುವೆ ಮಾಡಿಸಿದಂತೆ. ನಮ್ಮ ಫಿಲ್ಟರ್ ಕಾಫಿಯ ಪುಡಿಯಲ್ಲಿ ಚಿಕೋರಿ ಇದೆಯೆಂದು ಇದೇ ರಸಿಕರು ಮೂಗು ಮುರಿಯುತ್ತಾರೆ. ಆದರೆ ಚಿಕೋರಿಗೆ ಕಾನೂನು ಶೇ. 49ರ ಗಡಿ ಹಾಕಿದೆ ಮತ್ತು ಪೊಟ್ಟಣದ ಮೇಲೆ ಅದರ ಪ್ರಮಾಣವನ್ನು ಅಚ್ಚುಹಾಕಿಸುತ್ತದೆ. ಲಾಟೆಯ ಬಟ್ಟಲಿನ ಮೇಲೆ ಹಾಲಿನ ಪ್ರಮಾಣವನ್ನು ಅಚ್ಚುಹಾಕಿಸುವ ಕಾನೂನು ಬಂದ ದಿನ ಅದರ ಬೆಲೆ ಏನಾದೀತೆಂದು ಊಹಿಸುತ್ತ ನಾನು ಕೆಲವು ಸುಖದ ರಾತ್ರಿಗಳನ್ನು ಕಳೆದಿದ್ದೇನೆ.

ಹಾಲಿನ ಬೆಲೆಯ ಬಗ್ಗೆ ನಾವು ಸುಮ್ಮನಿರುವ ಜನರೇನೂ ಅಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ವಿರೋಧ ಪಕ್ಷದವರು ಬೀದಿಗಿಳಿದರು, ಟಿ.ವಿ.ಯಲ್ಲಿ ಚರ್ಚೆಗಳಾದವು, ಈ ಹಣ ರೈತರಿಗೇ ಹೋಗುತ್ತದೆ ಎಂದು ಸರ್ಕಾರ ಹೇಳಿದರೂ ಜನಸಾಮಾನ್ಯನ ಬೆನ್ನು ಮುರಿಯಿತೆಂಬ ಕೂಗು ತಣ್ಣಗಾಗಲಿಲ್ಲ. ಒಂದು ಲಾಟೆಗೆ ಹಿಡಿಯುವ 210 ಮಿಲಿಯ ಮೇಲೆ ಆ ಏರಿಕೆಯ ಭಾರ 84 ಪೈಸೆ. ನಮ್ಮ ಬಡಾವಣೆಯ ಹಾಲಿನ ಬೂತಿನ ಮುಂದೆ ಆ ದಿನಗಳಲ್ಲಿ ಸರ್ಕಾರಕ್ಕೆ ಧಿಕ್ಕಾರ ಕೂಗಿದ ಹಿರಿಯರೊಬ್ಬರು ನನಗೆ ಈ ಕೆಫೆಯಲ್ಲಿಯೇ ಸಿಕ್ಕಿದರು. ಪಟ್ಟಿಯಲ್ಲಿ 280 ಎಂದಿದ್ದುದರ ಮೇಲೆ 320 ಎಂಬ ಚೀಟಿಯನ್ನು ಅಂಟಿಸಿದ್ದರು. ಅವರು ಅದನ್ನು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು, ಆಮೇಲೆ ದೊಡ್ಡ ಬಟ್ಟಲೇ ಕೊಡಿ ಎಂದರು. ಒಮ್ಮೆ ನಾನು ಧೈರ್ಯ ಮಾಡಿ ‘ಬೈಟು’ ಮಾಡಿಕೊಡುತ್ತೀರಾ ಎಂದು ವಿಚಾರಿಸಿದ್ದೆ. ಯುವಕ ಬಹಳ ಹೊತ್ತು ಯಂತ್ರದ ಗುಂಡಿಗಳನ್ನೇ ನೋಡಿದ.

ಈ ಎಲ್ಲ ಸಂಶಯಗಳನ್ನು ಒಬ್ಬ ತಜ್ಞರ ಮುಂದೆ ಇಡೋಣವೆಂದು, ಬೆಂಗಳೂರಿಗೆ ಬಂದಿದ್ದ ನನ್ನ ಸೋದರಮಾವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವರ ತೋಟ ಬಾಳೆಹೊನ್ನೂರಿನ ಕಡೆ. 1925ರಲ್ಲಿ ಅಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದಿಂದಲೇ ಹೊರಬಂದ ಎಸ್. 795ರ ಗಿಡಗಳನ್ನು ನೆಟ್ಟು, ಹೂಮಳೆಗೆ ಕಾದು, ಕಾಂಡಕೊರಕದ ಹುಳುವಿನೊಂದಿಗೆ ನಲವತ್ತು ವರ್ಷ ಗುದ್ದಾಡಿದವರು. ಯುವಕ ಅವರಿಗೂ ಕಾರ್ಡು ಕೊಟ್ಟು, ಎತ್ತರ, ಇಳಿಜಾರು, ನೆರಳಿನ ಮರ, ಹಣ್ಣು ಕೊಯ್ದ ತಿಂಗಳು, ಕಣದಲ್ಲಿ ಒಣಗಿಸಿದ ದಿನಗಳ ಲೆಕ್ಕ ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದ. ಮಾವ ಸಮಾಧಾನದಿಂದ ಕೇಳಿಸಿಕೊಂಡು, ಎಲೆಯ ಚಿತ್ರವನ್ನು ಚಮಚೆಯಿಂದ ಪಕ್ಕಕ್ಕೆ ಸರಿಸಿ, ಅರ್ಧ ಬಟ್ಟಲನ್ನು ಒಂದೇ ಉಸಿರಿಗೆ ಕುಡಿದು ಕೆಳಗಿಟ್ಟರು.

“ಹಾಲು ಚೆನ್ನಾಗಿದೆ ಮಾರಾಯ. ಎಲ್ಲಿಯದು?”

ಅಷ್ಟು ಹೊತ್ತು ತಡವರಿಸದೆ ಮಾತಾಡಿದ್ದ ಯುವಕ ಮೊದಲ ಬಾರಿಗೆ ಸುಮ್ಮನಾದ. ಬಗ್ಗಿ ಫ್ರಿಜ್ಜಿನ ಬಾಗಿಲು ತೆಗೆದು, ನೀಲಿ ಪ್ಯಾಕೆಟ್ಟೊಂದನ್ನು ಹೊರಕ್ಕೆಳೆದು, ಹಿಂದೆ ಮುಂದೆ ತಿರುಗಿಸಿ ನೋಡಿ, “ಟೋನ್ಡ್, ಸರ್” ಎಂದು ಓದಿ ಹೇಳಿದ.