ಕಡ್ಡಿಯಂಥವನಿಗೂ ಶುಗರ್

ಹೋದ ತಿಂಗಳು ನನಗೆ ಶುಗರ್ ಇದೆ ಅಂತ ಗೊತ್ತಾಯಿತು. ಮನೆಯಲ್ಲಿ ಯಾರೂ ನಂಬಲಿಲ್ಲ. ನಾನು 5 ಅಡಿ 6 ಇಂಚು, ತೂಕ 62 ಕೆಜಿ. "ಇಂಥ ಕಡ್ಡಿಗೆ ಎಲ್ಲಿಂದ ಬರುತ್ತೋ ಶುಗರ್ರು? ರಿಪೋರ್ಟು ಅದಲುಬದಲಾಗಿರಬೇಕು" ಅಂದರು ದೊಡ್ಡಮ್ಮ.

ನನಗೆ ನೆನಪಾಗಿದ್ದು ಒಂದು ಫೋಟೋ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಪುಣೆಯ ಮಧುಮೇಹ ತಜ್ಞ ಡಾ. ಯಾಜ್ಞಿಕ್, ಬ್ರಿಟನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ಇದ್ದಾರೆ. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಮೈಯಲ್ಲಿರುವ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ 9.1, ನಮ್ಮವರಿಗೆ ಶೇ 21.2! ತಕ್ಕಡಿ ಇಬ್ಬರಿಗೂ ಒಂದೇ ಮಾತು ಹೇಳಿತ್ತು, ಅಲ್ವಾ?

ಇದಕ್ಕೆ ತದ್ವಿರುದ್ಧ ಕಥೆ ಸಮೋವಾ ದ್ವೀಪದ್ದು. ಅಲ್ಲಿನ ಜನ ದಷ್ಟಪುಷ್ಟ. 2016ರಲ್ಲಿ ಸುಮಾರು 3,000 ಸಮೋವನ್ನರನ್ನು ಪರೀಕ್ಷಿಸಿದಾಗ ಸಿಆರ್‌ಇಬಿಆರ್‌ಎಫ್ ಅನ್ನುವ ಜೀನ್‌ನಲ್ಲಿ ಒಂದು ಸಣ್ಣ ಬದಲಾವಣೆ ಸಿಕ್ಕಿತು. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಅದು ಇದೆ. ಪೆಸಿಫಿಕ್ ದ್ವೀಪಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲವೆನ್ನುವಷ್ಟು ಅಪರೂಪ. ಅದಿದ್ದರೆ ತೂಕ ಜಾಸ್ತಿ. ಆದರೆ ಶುಗರ್ ಬರುವ ಸಾಧ್ಯತೆ ಕಡಿಮೆ! ದಪ್ಪಗಿದ್ದೂ ಆ ಬದಲಾವಣೆ ಇರುವವರಿಗೆ ಅಪಾಯ ಕಡಿಮೆ, ತೆಳ್ಳಗಿದ್ದೂ ನಾನು ಸಿಕ್ಕಿಬಿದ್ದೆ.

ಹಾಗಂತ ಒಂದೊಂದು ಜನಾಂಗಕ್ಕೂ ಬೇರೆ ಬೇರೆ ಬೊಜ್ಜಿನ ಜೀನ್ ಇದೆ ಅಂದುಕೊಳ್ಳಬೇಡಿ. ಸಮೋವಾದ್ದು ಅಪರೂಪದ ಮಾತು. 2007ರಲ್ಲಿ ಯುರೋಪಿನವರಲ್ಲಿ ಬೊಜ್ಜಿನ ಜೊತೆ ನಂಟು ಗೊತ್ತಾದ ಎಫ್‌ಟಿಒ ಜೀನ್ ನಮ್ಮಲ್ಲೂ ಇದೆ, ಚೀನಾದವರಲ್ಲೂ ಇದೆ. ತೂಕ ಏರಿಸುವ ಅದರ ನಮೂನೆ ಯುರೋಪಿನಲ್ಲಿ ಜಾಸ್ತಿ ಜನಕ್ಕೆ, ಪೂರ್ವ ಏಷ್ಯಾದಲ್ಲಿ ಕಡಿಮೆ ಜನಕ್ಕೆ, ಅಷ್ಟೇ. ಇನ್ನು ನಮ್ಮ "ಸಣಕಲು ಮೈ, ಒಳಗೆ ಕೊಬ್ಬು" ಕಥೆಯನ್ನು ಯಾಜ್ಞಿಕ್ ಪೂರ್ತಿ ಜೀನ್ ತಲೆಗೆ ಕಟ್ಟುವುದಿಲ್ಲ. ಪುಣೆಯ ಹಳ್ಳಿಗಳ ಹಸುಗೂಸುಗಳಲ್ಲೇ ಅವರಿಗೆ ಇದು ಕಂಡಿತ್ತು. ತೂಕ ಕಡಿಮೆ, ಆದರೆ ಚರ್ಮದಡಿ ಕೊಬ್ಬು ಅಷ್ಟೇನೂ ಕಡಿಮೆಯಿಲ್ಲ. ಬಸುರಿಯಲ್ಲಿ ಅಮ್ಮ ಏನು ತಿಂದಳು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ನನ್ನ ಸಿಟ್ಟು ಜಿಮ್ಮಿನ ಗೋಡೆಯ ಚಾರ್ಟಿನ ಮೇಲೆ. ಅದರಲ್ಲಿ ಬಿಎಂಐ 25ರವರೆಗೂ ಹಸಿರು ಬಣ್ಣ. ಭಾರತೀಯರಿಗೆ 23 ದಾಟಿದರೇ ತೂಕ ಜಾಸ್ತಿ ಅಂತ ನಮ್ಮ ವೈದ್ಯರು 2009ರಲ್ಲೇ ಹೇಳಿದ್ದಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನನ್ನದು 93. ಬಿಎಂಐ 22 ಇಟ್ಟುಕೊಂಡು ಸುಮ್ನೆ ಬೀಗುತ್ತಿದ್ದೆ.

ಇದನ್ನೆಲ್ಲ ಹೇಳಿದ್ದಕ್ಕೆ ದೊಡ್ಡಮ್ಮ ಹೊಲಿಗೆ ಮಿಷಿನ್ನಿನ ಡ್ರಾಯರ್‌ನಿಂದ ಟೇಪು ತಂದು ಮನೆಮಂದಿಯ ಸೊಂಟವನ್ನೆಲ್ಲ ಅಳೆದರು. ಅವರ ಸರದಿ ಬಂದಾಗ ಮಾತ್ರ, "ನಂದ್ಯಾಕೋ ಬಿಡು, ಒಲೆ ಮೇಲೆ ಹಾಲಿಟ್ಟಿದ್ದೀನಿ" ಅಂತ ಎದ್ದು ಹೋದರು.